ಗುಟ್ಟು ಯಾರ ಬಳಿ ಉಳಿಯುತ್ತದೆ? ಧಾರ್ಮಿಕ ವಿಶ್ವವಿದ್ಯಾಲಯದಲ್ಲಿ ಸಂತ್ರಸ್ತರ ಸಹಾಯಕಿಯ ಕೆಲಸ

ಪ್ರಶ್ನೆ: ನಾನು ಮೈಸೂರಿನಲ್ಲಿ ಎಂಎಸ್‌ಡಬ್ಲ್ಯು ಮುಗಿಸಿ, ಎರಡು ವರ್ಷ ಮಹಿಳಾ ಸಾಂತ್ವನ ಕೇಂದ್ರವೊಂದರಲ್ಲಿ ದುಡಿದು, ಈಗ ಅಮೆರಿಕದಲ್ಲಿ ಮತ್ತೊಂದು ಸ್ನಾತಕೋತ್ತರ ಪದವಿಯ ಕೊನೆಯ ಸೆಮಿಸ್ಟರಿನಲ್ಲಿದ್ದೇನೆ. ಕ್ರೈಸ್ತ ಸಂಸ್ಥೆಯೊಂದು ನಡೆಸುವ ವಿಶ್ವವಿದ್ಯಾಲಯದಿಂದ ‘ವಿಕ್ಟಿಮ್ ಅಡ್ವೊಕೇಟ್’ ಹುದ್ದೆಯ ಸಂದರ್ಶನಕ್ಕೆ ಕರೆ ಬಂದಿದೆ. ಅಲ್ಲಿ ವಿದ್ಯಾರ್ಥಿಗಳು ಮದ್ಯ ಮುಟ್ಟುವಂತಿಲ್ಲ, ಮದುವೆಗೆ ಮುಂಚೆ ದೈಹಿಕ ಸಂಬಂಧ ಇಟ್ಟುಕೊಳ್ಳುವಂತಿಲ್ಲ, ರಾತ್ರಿ ಇಂತಿಷ್ಟು ಹೊತ್ತಿನ ಮೇಲೆ ಹುಡುಗರ ಕೋಣೆಗೆ ಹುಡುಗಿಯರು ಹೋಗುವಂತಿಲ್ಲ. ನಾನು ಹಿಂದೂ. ಇಂಥ ಕಡೆ ಸಂತ್ರಸ್ತರ ಪರ ನಿಂತು ಕೆಲಸ ಮಾಡಲು ನಿಜಕ್ಕೂ ಬಿಡುತ್ತಾರೆಯೇ?
(ಹೆಸರು ಬೇಡ, ಒಹಾಯೊ)

ಉತ್ತರ: ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಅಡ್ವೊಕೇಟ್ ಎಂದರೆ ನಮ್ಮಲ್ಲಿ ಕರಿಕೋಟು ತೊಟ್ಟು ಕೋರ್ಟಿಗೆ ಹೋಗುವವರು. ನಾನು ಈ ಕೆಲಸಕ್ಕೆ ಸೇರಿದ ಸುದ್ದಿ ಊರು ಮುಟ್ಟಿದ ವಾರವೇ ದೂರದ ಚಿಕ್ಕಪ್ಪನೊಬ್ಬರು ಜಮೀನಿನ ವ್ಯಾಜ್ಯದ ಬಗ್ಗೆ ಸಲಹೆ ಕೇಳಿ ಫೋನು ಮಾಡಿದ್ದರು. ಇಲ್ಲಿನ ವಿಕ್ಟಿಮ್ ಅಡ್ವೊಕೇಟ್ ವಕೀಲೆಯಲ್ಲ. ಆಪ್ತ ಸಮಾಲೋಚಕಿಯೂ ಅಲ್ಲ, ತನಿಖಾಧಿಕಾರಿಯಂತೂ ಅಲ್ಲವೇ ಅಲ್ಲ. ಅತ್ಯಾಚಾರ, ಸಂಗಾತಿಯ ಹೊಡೆತ, ಬೆನ್ನು ಹತ್ತಿ ಕಾಡುವುದು, ದರೋಡೆ ಹೀಗೆ ಯಾವ ಅಪರಾಧಕ್ಕೆ ಸಿಕ್ಕವರು ಬಂದರೂ ಅವರ ಎದುರಿಗಿರುವ ದಾರಿಗಳನ್ನೆಲ್ಲ ಬಿಡಿಸಿ ಹೇಳಿ, ಅವರು ಯಾವುದನ್ನು ಆರಿಸಿಕೊಳ್ಳುತ್ತಾರೋ ಆ ದಾರಿಯಲ್ಲಿ ಜೊತೆಗೆ ನಡೆಯುವುದು, ಏನನ್ನೂ ಆರಿಸಿಕೊಳ್ಳದಿದ್ದರೆ ಅದನ್ನೂ ಗೌರವಿಸುವುದು ಅವಳ ಕೆಲಸ. ಪೊಲೀಸರಿಗೆ ದೂರು ಕೊಡಬೇಕೆ, ಲಿಂಗ ತಾರತಮ್ಯ, ಲೈಂಗಿಕ ದೌರ್ಜನ್ಯದ ದೂರುಗಳನ್ನು ನೋಡಿಕೊಳ್ಳುವ ವಿಶ್ವವಿದ್ಯಾಲಯದ ಟೈಟಲ್ 9 ಕಚೇರಿಗೆ ಕೊಡಬೇಕೆ, ಎರಡೂ ಕಡೆ ಕೊಡಬೇಕೆ, ಎಲ್ಲಿಯೂ ಬೇಡವೇ ಎಂಬ ತೀರ್ಮಾನ ಸಂತ್ರಸ್ತರದ್ದೇ. ಸಾಂತ್ವನ ಕೇಂದ್ರದಲ್ಲಿ ದುಡಿದ ನಿಮಗೆ ಇದು ಹೊಸತೇನಲ್ಲ. ಆದರೆ ಅಲ್ಲಿ ‘ಹೀಗೆ ಮಾಡಮ್ಮ’ ಎಂದು ಹೇಳಿ ರೂಢಿಯಾಗಿದ್ದರೆ ಅದನ್ನು ಮರೆಯಲು ಒಂದಷ್ಟು ತಿಂಗಳು ಬೇಕಾದೀತು, ನನಗೆ ಒಂದು ವರ್ಷವೇ ಹಿಡಿಯಿತು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಅಮೆರಿಕದ ಕ್ಯಾಂಪಸ್‌ಗಳಲ್ಲಿ ಈ ಹುದ್ದೆಗೆ ನೆಲೆ ಒದಗಿಸಿರುವ ಕಾನೂನುಗಳು ಮುಖ್ಯವಾಗಿ ಎರಡು. ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ 1972ರ ಟೈಟಲ್ 9 ಒಂದು. ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ 1986ರಲ್ಲಿ ಸಹವಿದ್ಯಾರ್ಥಿಯ ಕೈಯಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಜೀನ್ ಕ್ಲೆರಿಯ ತಂದೆತಾಯಿ ಪಟ್ಟುಹಿಡಿದು ತರಿಸಿದ, ಕ್ಯಾಂಪಸ್ಸಿನ ಅಪರಾಧಗಳ ಲೆಕ್ಕವನ್ನು ಬಹಿರಂಗಪಡಿಸಬೇಕೆನ್ನುವ 1990ರ ಕ್ಲೆರಿ ಕಾಯ್ದೆ ಇನ್ನೊಂದು. ಸಂಸ್ಥೆಯನ್ನು ನಡೆಸುವ ಧರ್ಮದ ತತ್ತ್ವಕ್ಕೆ ವಿರುದ್ಧವಾಗುವಷ್ಟರ ಮಟ್ಟಿಗೆ ಟೈಟಲ್ 9ರಿಂದ ವಿನಾಯಿತಿ ಇದೆ. ಆದರೆ ಅತ್ಯಾಚಾರದ ದೂರನ್ನು ವಿಚಾರಿಸಕೂಡದು ಎಂದು ಯಾವ ಧರ್ಮವೂ ಬೋಧಿಸುವುದಿಲ್ಲವಾದ್ದರಿಂದ, ಆ ವಿನಾಯಿತಿ ನಿಮ್ಮ ಕೆಲಸದ ಬಾಗಿಲನ್ನು ಮುಚ್ಚುವುದಿಲ್ಲ. ಕ್ಲೆರಿ ಕಾಯ್ದೆಯಲ್ಲಂತೂ ಧರ್ಮದ ವಿನಾಯಿತಿಯೇ ಇಲ್ಲ. ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿನ ಹಣ ಪಡೆಯುವ ಸಂಸ್ಥೆಗಳೆಲ್ಲ ಅದಕ್ಕೆ ತಲೆಬಾಗಬೇಕು.

ಹಾಗಿದ್ದರೆ ತೊಡಕು ಎಲ್ಲಿ? ಅದು ಕಾನೂನಿನಲ್ಲಿಲ್ಲ, ಆನರ್ ಕೋಡ್ ಎನ್ನುವ ನಡತೆಯ ನಿಯಮಾವಳಿಯಲ್ಲಿದೆ. ಅತ್ಯಾಚಾರ ನಡೆದ ರಾತ್ರಿ ಹುಡುಗಿ ಒಂದು ಲೋಟ ವೈನ್ ಕುಡಿದಿರಬಹುದು, ಹೋಗಬಾರದ ಹೊತ್ತಿನಲ್ಲಿ ಹೋಗಬಾರದ ಕೋಣೆಯಲ್ಲಿ ಇದ್ದಿರಬಹುದು. ದೂರು ಕೊಡಲು ಬಾಯಿ ತೆರೆದರೆ ಅಪರಾಧದ ಜೊತೆಗೆ ತನ್ನ ನಿಯಮಭಂಗವೂ ಬಯಲಿಗೆ ಬೀಳುತ್ತದೆ. ಹೀಗೆ ಅಪರಾಧ ಮಾಡಿದವನಿಗೆ ಆ ನಿಯಮಾವಳಿಯೇ ಕೋಟೆಯಾಗುತ್ತದೆ. ‘ಹೇಳಿದರೆ ನಿನ್ನನ್ನೇ ಹೊರಗೆ ಹಾಕುತ್ತಾರೆ’ ಎಂಬ ಒಂದು ಮಾತು ಅವನಿಗೆ ಸಾಕು.

ಇದು ಊಹೆಯ ಮಾತಲ್ಲ. ಯೂಟಾ ರಾಜ್ಯದ ಪ್ರೊವೊ ಊರಿನಲ್ಲಿ, ಜನ ಸಾಮಾನ್ಯವಾಗಿ ಮಾರ್ಮನ್ ಚರ್ಚ್ ಎಂದು ಕರೆಯುವ ಲ್ಯಾಟರ್-ಡೇ ಸೇಂಟ್ಸ್ ಚರ್ಚಿನ ಒಡೆತನದಲ್ಲಿರುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ, 2016ರಲ್ಲಿ ವಿದ್ಯಾರ್ಥಿನಿಯರು ಒಬ್ಬೊಬ್ಬರಾಗಿ ಮುಂದೆ ಬಂದು, ದೌರ್ಜನ್ಯದ ದೂರು ಕೊಟ್ಟ ಮೇಲೆ ಆನರ್ ಕೋಡ್ ಕಚೇರಿ ತಮ್ಮನ್ನೇ ವಿಚಾರಿಸತೊಡಗಿತು ಎಂದು ಬಹಿರಂಗವಾಗಿ ಹೇಳಿದರು. ಆ ವರದಿಗಳಿಗಾಗಿ ಸಾಲ್ಟ್ ಲೇಕ್ ಟ್ರಿಬ್ಯೂನ್ ಪತ್ರಿಕೆಗೆ ಪತ್ರಿಕೋದ್ಯಮದ 2017ರ ಪುಲಿಟ್ಜರ್ ಪ್ರಶಸ್ತಿ ಬಂತು. ವಿಶ್ವವಿದ್ಯಾಲಯ ನೇಮಿಸಿದ ಸಲಹಾ ಮಂಡಳಿ 2016ರ ಅಕ್ಟೋಬರ್‌ನಲ್ಲಿ 23 ಶಿಫಾರಸುಗಳನ್ನು ಕೊಟ್ಟಿತು. ದೂರು ಕೊಟ್ಟವರನ್ನು ಆ ಘಟನೆಗೆ ಹೊಂದಿಕೊಂಡ ನಿಯಮಭಂಗಕ್ಕಾಗಿ ಶಿಕ್ಷಿಸಬಾರದು, ಟೈಟಲ್ 9 ಕಚೇರಿ ಮತ್ತು ಆನರ್ ಕೋಡ್ ಕಚೇರಿಗಳು ಬೇರೆ ಬೇರೆ ಜಾಗದಲ್ಲಿರಬೇಕು, ಗೌಪ್ಯತೆ ಕಾಪಾಡುವ ಅಡ್ವೊಕೇಟ್ ಹುದ್ದೆಯೊಂದನ್ನು ತೆರೆಯಬೇಕು ಎಂಬ ಮಾತುಗಳು ಅದರಲ್ಲಿದ್ದವು. ವಿಶ್ವವಿದ್ಯಾಲಯ ಒಪ್ಪಿಕೊಂಡು ಬದಲಾಯಿಸಿಕೊಂಡಿತು. ಇನ್ನೊಂದು ಕಡೆ, ವರ್ಜೀನಿಯಾದಲ್ಲಿರುವ ಕ್ರೈಸ್ತ ಸಂಸ್ಥೆಯಾದ ಲಿಬರ್ಟಿ ವಿಶ್ವವಿದ್ಯಾಲಯಕ್ಕೆ 2024ರ ಮಾರ್ಚ್‌ನಲ್ಲಿ ಕ್ಲೆರಿ ಕಾಯ್ದೆಯ ಉಲ್ಲಂಘನೆಗಾಗಿ 1.4 ಕೋಟಿ ಡಾಲರ್ ದಂಡ ಬಿತ್ತು. ಆ ಕಾಯ್ದೆಯಡಿ ಅಲ್ಲಿಯವರೆಗೆ ಅಷ್ಟು ದೊಡ್ಡ ದಂಡ ಯಾರಿಗೂ ಬಿದ್ದಿರಲಿಲ್ಲ. ದೂರು ತಂದವರನ್ನು ನಡತೆಯ ನಿಯಮ ಮುರಿದಿದ್ದಕ್ಕಾಗಿ ಶಿಕ್ಷಿಸಿದ್ದೂ ಶಿಕ್ಷಣ ಇಲಾಖೆ ಕಂಡ ತಪ್ಪುಗಳಲ್ಲಿ ಒಂದಾಗಿತ್ತು. ಒಂದೇ ಬಗೆಯ ನಿಯಮಾವಳಿ ಇರುವ ಎರಡು ಸಂಸ್ಥೆಗಳಲ್ಲಿ ಎರಡು ಬಗೆಯ ಕಥೆ ಇರಬಹುದು. ಆದ್ದರಿಂದ ‘ಧಾರ್ಮಿಕ ವಿಶ್ವವಿದ್ಯಾಲಯ’ ಎಂಬ ಹೆಸರು ಕೇಳಿ ಹೆದರಲೂ ಬೇಡಿ, ನಂಬಲೂ ಬೇಡಿ. ಸಂದರ್ಶನದ ದಿನ ಕಾಗದ ಕೇಳಿ ನೋಡಿ.

ನೋಡಬೇಕಾದ ಮೊದಲ ಕಾಗದ ಕ್ಷಮಾದಾನದ ನಿಯಮ, ಅಂದರೆ ದೂರು ಕೊಟ್ಟವರ ನಿಯಮಭಂಗಕ್ಕೆ ಶಿಕ್ಷೆಯಿಲ್ಲ ಎನ್ನುವ ಭರವಸೆ. ಅದು ಯಾರನ್ನು ಕಾಯುತ್ತದೆ, ಸಾಕ್ಷಿ ಹೇಳಲು ಬಂದ ಗೆಳತಿಯನ್ನೂ ಕಾಯುತ್ತದೆಯೇ, ಆ ರಾತ್ರಿಯ ನಿಯಮಭಂಗಕ್ಕೆ ಮಾತ್ರವೇ ಅಥವಾ ತನಿಖೆಯಲ್ಲಿ ಹೊರಬಂದ ಹಳೆಯ ಸಂಗತಿಗಳಿಗೂ ಅನ್ವಯಿಸುತ್ತದೆಯೇ ಎಂದು ಪದಪದವಾಗಿ ಓದಿ. ‘ಸಾಮಾನ್ಯವಾಗಿ ಶಿಕ್ಷಿಸುವುದಿಲ್ಲ’ ಎನ್ನುವುದಕ್ಕೂ ‘ಶಿಕ್ಷಿಸುವುದಿಲ್ಲ’ ಎನ್ನುವುದಕ್ಕೂ ನಡುವೆ ಒಬ್ಬ ಹುಡುಗಿಯ ಪದವಿಯೇ ಬಿದ್ದುಹೋಗಬಹುದು.

ಎರಡನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಗೌಪ್ಯತೆ. ಇಲ್ಲಿ ಎರಡು ಮಾತುಗಳನ್ನು ಜನ ಕಲಸಿಬಿಡುತ್ತಾರೆ. ‘ನಾವು ನಿಮ್ಮ ಖಾಸಗಿತನವನ್ನು ಕಾಪಾಡುತ್ತೇವೆ’ ಎಂದರೆ ತಿಳಿಯಬೇಕಾದವರಿಗೆ ಮಾತ್ರ ತಿಳಿಸುತ್ತೇವೆ ಎಂದರ್ಥ. ಗೌಪ್ಯತೆ ಎಂದರೆ ಸಂತ್ರಸ್ತರ ಒಪ್ಪಿಗೆಯಿಲ್ಲದೆ ಯಾರಿಗೂ ಹೆಸರು ಹೇಳುವುದಿಲ್ಲ ಎಂದರ್ಥ. ಅನೇಕ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರಿಂದ ಹಿಡಿದು ಹಾಸ್ಟೆಲಿನ ಹಿರಿಯ ವಿದ್ಯಾರ್ಥಿಯವರೆಗೆ ಎಲ್ಲರೂ ತಮ್ಮ ಕಿವಿಗೆ ಬಿದ್ದದ್ದನ್ನು ಟೈಟಲ್ 9 ಕಚೇರಿಗೆ ತಿಳಿಸಲೇಬೇಕೆಂಬ ಆಂತರಿಕ ನಿಯಮವಿದೆ. ನಿಮ್ಮ ಹುದ್ದೆ ಆ ಪಟ್ಟಿಯ ಹೊರಗಿದೆಯೇ ಎಂಬುದು ಬರವಣಿಗೆಯಲ್ಲಿ ಇರಬೇಕು. ವರ್ಷಕ್ಕೊಮ್ಮೆ ಪ್ರಕಟಿಸುವ ಕ್ಲೆರಿ ವರದಿಗೆ ಹೆಸರಿಲ್ಲದ ಅಂಕಿ ಕೊಟ್ಟರೆ ಸಾಕು, ಅದು ಗೌಪ್ಯತೆಗೆ ಭಂಗವಲ್ಲ. ಇದರ ಮೇಲೆ ರಾಜ್ಯದ ಕಾನೂನು ಬೇರೆ: ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ 40 ಗಂಟೆಗಳ ತರಬೇತಿ ಮುಗಿಸಿದ ಲೈಂಗಿಕ ದೌರ್ಜನ್ಯ ಸಲಹೆಗಾರರಿಗೆ ಹೇಳಿದ ಮಾತನ್ನು ನ್ಯಾಯಾಲಯದಲ್ಲೂ ಬಾಯಿಬಿಡಿಸದಂತೆ ರಕ್ಷಣೆಯಿದೆ, ಎಲ್ಲ ರಾಜ್ಯಗಳಲ್ಲಿ ಹಾಗಿಲ್ಲ. ನೀವು ಹೋಗುವ ರಾಜ್ಯದ್ದನ್ನು ಕೇಳಿ ತಿಳಿದುಕೊಳ್ಳಿ. ಉತ್ತರ ಏನೇ ಇರಲಿ, ಟಿಪ್ಪಣಿ ಕಡಿಮೆ ಬರೆಯುವುದನ್ನು ರೂಢಿಸಿಕೊಳ್ಳಿ. ನನ್ನ ಕಪಾಟಿನಲ್ಲಿದ್ದ ಕಡತಗಳಲ್ಲಿ ದಿನಾಂಕ, ಕೊಟ್ಟ ಮಾಹಿತಿ, ಮುಂದಿನ ಭೇಟಿ, ಇಷ್ಟೇ ಇರುತ್ತಿತ್ತು. ಆ ರಾತ್ರಿ ಏನಾಯಿತೆಂಬುದನ್ನು ನಾನು ಎಂದೂ ಬರೆಯಲಿಲ್ಲ. ಬರೆಯದ್ದನ್ನು ಯಾವ ಸಮನ್ಸೂ ತರಿಸಿಕೊಳ್ಳಲಾರದು.

ಮೂರನೆಯದು, ನೀವು ಯಾರ ಕೈಕೆಳಗೆ? ನಿಮ್ಮ ಮೇಲಧಿಕಾರಿಯೇ ಶಿಸ್ತಿನ ಕಚೇರಿಯ ಮುಖ್ಯಸ್ಥರೂ ಆಗಿದ್ದರೆ, ಅವರು ಎಷ್ಟೇ ಒಳ್ಳೆಯವರಾಗಿರಲಿ, ನಾನಾಗಿದ್ದರೆ ಒಪ್ಪುವುದಿಲ್ಲ. ನಾನು ಮೊದಲು ದುಡಿದ ಕಡೆ ನನ್ನ ಕೋಣೆಗೆ ಬರಬೇಕಾದರೆ ಶಿಸ್ತು ಪಾಲನಾ ಕಚೇರಿಯ ಮುಂದಿನ ಬೆಂಚುಗಳನ್ನು ದಾಟಿ ಬರಬೇಕಿತ್ತು. ಮೂರು ತಿಂಗಳಲ್ಲಿ ಬಂದವರು ಇಬ್ಬರು. ಗ್ರಂಥಾಲಯದ ಎರಡನೆಯ ಮಹಡಿಯಲ್ಲಿ, ಓದಲು ಹೊರಟಂತೆ ಕಾಣುವ ಜಾಗದಲ್ಲಿ ಕೋಣೆ ಸಿಕ್ಕ ಮೇಲೆ ಬಾಗಿಲು ತಟ್ಟುವುದು ನಿಲ್ಲಲೇ ಇಲ್ಲ. ಗಂಡುಮಕ್ಕಳೂ ಬರತೊಡಗಿದರು.

ನಿಮ್ಮ ಧರ್ಮದ ಪ್ರಶ್ನೆ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಟೈಟಲ್ 7, ಧಾರ್ಮಿಕ ಸಂಸ್ಥೆಗಳು ತಮ್ಮ ಮತದವರನ್ನೇ ಕೆಲಸಕ್ಕೆ ಆರಿಸಿಕೊಳ್ಳಲು ಅವಕಾಶ ಕೊಡುತ್ತದೆ. ಹಾಗಾಗಿ ಧರ್ಮದ ಕಾರಣಕ್ಕೆ ಕೆಲಸ ಸಿಗದಿದ್ದರೆ ಅದನ್ನು ಅನ್ಯಾಯವೆಂದು ಕೋರ್ಟಿಗೆ ಒಯ್ಯಲಾಗುವುದು ಅಪರೂಪ. ಅನೇಕ ಕಡೆ ಅನ್ಯಧರ್ಮೀಯರನ್ನೂ ತೆಗೆದುಕೊಳ್ಳುತ್ತಾರೆ, ಆದರೆ ಕ್ಯಾಂಪಸ್ಸಿನ ನಡತೆಯ ನಿಯಮವನ್ನು ಪಾಲಿಸುವೆನೆಂದು ಸಹಿ ಕೇಳುತ್ತಾರೆ. ಅದಕ್ಕೆ ಸಹಿ ಹಾಕಬಹುದು, ಶಿಸ್ತಿನ ಮಠದಲ್ಲಿ ಓದಿದ ನಮ್ಮವರಿಗೆ ಅದೇನು ಅಪರಿಚಿತವಲ್ಲ. ಆದರೆ ‘ನಾನು ಇಂಥದ್ದನ್ನು ನಂಬುತ್ತೇನೆ’ ಎಂಬ ವಿಶ್ವಾಸದ ಘೋಷಣೆಗೆ ಸಹಿ ಕೇಳಿದರೆ, ನಂಬದಿದ್ದ ಮೇಲೆ ಹಾಕಬೇಡಿ. ಎದುರಿಗೆ ಕೂತ ಹುಡುಗಿಗೆ ‘ಇಲ್ಲಿ ನಿಜ ಹೇಳಿದರೆ ಏನೂ ಆಗುವುದಿಲ್ಲ’ ಎಂದು ಹೇಳಬೇಕಾದವರು ನೀವು. ಸುಳ್ಳು ಸಹಿ ಹಾಕಿದ ಬಾಯಲ್ಲಿ ಆ ಮಾತು ಬರುವುದು ಕಷ್ಟ.

ಅವರ ನಂಬಿಕೆಯನ್ನು ಮಾತ್ರ ಹಗುರವಾಗಿ ಕಾಣಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹೊರಗಿನಿಂದ ಬಂದ ನಾವು ಆನರ್ ಕೋಡನ್ನೇ ಶತ್ರುವೆಂದು ತಿಳಿದುಬಿಡುವ ಅಪಾಯವಿದೆ. ಬರುವ ಹುಡುಗಿಗೆ ಆ ಚರ್ಚು, ಆ ಪ್ರಾರ್ಥನೆ, ಮದುವೆಯವರೆಗೆ ಕಾಯಬೇಕೆಂಬ ವ್ರತ ಎಲ್ಲವೂ ಅವಳದ್ದೇ. ‘ನನ್ನ ವ್ರತ ಮುರಿಯಿತೇ?’ ಎಂದು ಒಬ್ಬಳು ನನ್ನನ್ನು ಕೇಳಿದಾಗ, ವ್ರತದ ಮಾತು ಬಿಡು ಎನ್ನಲು ನಾಲಗೆ ತುದಿಗೆ ಬಂದಿತ್ತು. ಹಾಗೆ ಅಂದಿದ್ದರೆ ಅವಳು ಎದ್ದು ಹೋಗುತ್ತಿದ್ದಳು. ‘ವ್ರತ ಮುರಿಯಲು ನೀನು ಒಪ್ಪಿರಬೇಕು, ನೀನು ಒಪ್ಪಿದ್ದೆಯಾ?’ ಎಂದು ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು ‘ಇಲ್ಲ’ ಎಂದಳು. ಮುಂದಿನ ಧರ್ಮದ ಮಾತು ನನ್ನದಾಗಿರಲಿಲ್ಲ. ಈ ವಿಷಯದಲ್ಲಿ ತರಬೇತಾದ ಒಬ್ಬ ಚಾಪ್ಲೆನ್ ಇದ್ದರು, ಅವಳು ಬಯಸಿದ ಮೇಲೆ ಅವರ ಹತ್ತಿರ ಕರೆದುಕೊಂಡು ಹೋದೆ. ಹೊಸ ಊರಿಗೆ ಹೋದ ಮೊದಲ ತಿಂಗಳೇ ಅಂಥ ಒಬ್ಬ ಧರ್ಮಗುರುವನ್ನು ಹುಡುಕಿಕೊಳ್ಳಿ.

ಕೆಲಸದ ದಿನಚರಿ ಹೇಗೆಂದು ನೀವು ಕೇಳಿಲ್ಲ, ಆದರೂ ಒಂದು ರಾತ್ರಿಯನ್ನು ಹೇಳುತ್ತೇನೆ. ಎರಡು ಗಂಟೆಗೆ ಫೋನು ಬರುತ್ತದೆ, ಆಸ್ಪತ್ರೆಗೆ ಹೋಗುತ್ತೀರಿ. ವಿಧಿವಿಜ್ಞಾನದ ತರಬೇತಿ ಪಡೆದ ನರ್ಸ್ ಸಾಕ್ಷ್ಯ ಸಂಗ್ರಹಿಸಲು ಮೂರ್ನಾಲ್ಕು ಗಂಟೆ ಹಿಡಿಯಬಹುದು. ತೊಟ್ಟ ಬಟ್ಟೆಗಳನ್ನು ಒಂದೊಂದಾಗಿ ಕಾಗದದ ಚೀಲಕ್ಕೆ ಹಾಕುತ್ತಾರೆ. ಪ್ಲಾಸ್ಟಿಕ್ಕಿನಲ್ಲಿ ತೇವ ಉಳಿದು ಬೂಸ್ಟು ಹಿಡಿದರೆ ಸಾಕ್ಷ್ಯ ಕೆಡುತ್ತದೆ. ಬಟ್ಟೆ ಅಲ್ಲಿಗೆ ಹೋದ ಮೇಲೆ ಹುಡುಗಿ ಮನೆಗೆ ಹೋಗುವುದು ಏನನ್ನು ತೊಟ್ಟು? ಬೆನ್ನ ಕಡೆ ತೆರೆದಿರುವ ಆಸ್ಪತ್ರೆಯ ಗೌನಿನಲ್ಲಿ ಕ್ಯಾಂಪಸ್ಸಿಗೆ ಮರಳಿದ ಒಬ್ಬಳನ್ನು ಕಂಡ ಮೇಲೆ ನನ್ನ ಕಾರಿನ ಡಿಕ್ಕಿಯಲ್ಲಿ ಮೂರು ಅಳತೆಯ ಸಡಿಲ ಪ್ಯಾಂಟು, ಸ್ವೆಟರು, ಹೊಸ ಒಳ ಉಡುಪು, ಚಪ್ಪಲಿ, ಫೋನ್ ಚಾರ್ಜರು ಸದಾ ಇರುತ್ತಿದ್ದವು. ಕಡು ಬಣ್ಣದ, ವಿಶ್ವವಿದ್ಯಾಲಯದ ಚಿಹ್ನೆಯಿಲ್ಲದ ಬಟ್ಟೆಗಳು.

ವೀಸಾದ ಬಗ್ಗೆ ಚುಟುಕಾಗಿ: ಸಮಾಜಕಾರ್ಯದ ಪದವಿಗೆ ಸಾಮಾನ್ಯವಾಗಿ 12 ತಿಂಗಳ ಒಪಿಟಿ (ಓದಿಗೆ ಸಂಬಂಧಿಸಿದ ಕೆಲಸ ಮಾಡಲು ವಿದ್ಯಾರ್ಥಿಗೆ ಸಿಗುವ ಅನುಮತಿ) ಮಾತ್ರ, ವಿಸ್ತರಣೆ ಸಿಗುವುದಿಲ್ಲ. ಲಾಭರಹಿತ ವಿಶ್ವವಿದ್ಯಾಲಯಗಳು ಎಚ್-1ಬಿ ಎಂಬ ಕೆಲಸದ ವೀಸಾದ ಲಾಟರಿಯ ಹೊರಗಿರುವುದರಿಂದ ನಿಮಗೆ ಅನುಕೂಲವಿದೆ. ಶುಲ್ಕದ ನಿಯಮಗಳು ಬದಲಾಗುತ್ತಿರುವ ಕಾಲವಾದ್ದರಿಂದ ವಲಸೆ ವಕೀಲರನ್ನು (ಇವರು ನಿಜವಾದ ಅಡ್ವೊಕೇಟ್) ಮೊದಲೇ ಕಾಣಿ.

ಪ್ರಶ್ನೆ: ನನ್ನ ಮಗಳು ಅಮೆರಿಕದ ಒಂದು ಚರ್ಚಿನ ವಿಶ್ವವಿದ್ಯಾಲಯದಲ್ಲಿ ಎಫ್-1 ವೀಸಾದಲ್ಲಿ ಓದುತ್ತಿದ್ದಾಳೆ. ಪಾರ್ಟಿಯೊಂದರ ನಂತರ ಸಹಪಾಠಿಯೊಬ್ಬ ಅವಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದನೆಂದು ಅಳುತ್ತಾ ಹೇಳಿದಳು. ದೂರು ಕೊಟ್ಟರೆ ಕುಡಿದದ್ದು ತಿಳಿದು ಡಿಬಾರ್ ಮಾಡುತ್ತಾರೆ, ವೀಸಾ ಹೋಗುತ್ತದೆ ಎನ್ನುತ್ತಾಳೆ. ಕಾಲೇಜಿಗೆ ಫೋನು ಮಾಡಿದರೆ ನನಗೆ ಏನನ್ನೂ ಹೇಳುತ್ತಿಲ್ಲ.
(ಒಬ್ಬ ತಾಯಿ, ದಾವಣಗೆರೆ)

ಉತ್ತರ: ಅಮ್ಮ, ಕಾಲೇಜಿನವರು ನಿಮಗೆ ಹೇಳದಿರುವುದು ಉಡಾಫೆಯಿಂದಲ್ಲ. ವಿದ್ಯಾರ್ಥಿ ದಾಖಲೆಗಳ ಗೌಪ್ಯತೆಯ ಕಾನೂನು 1974ರಿಂದ ಅಲ್ಲಿದೆ. ಕಾಲೇಜು ಸೇರಿದ ಮೇಲೆ ಆ ಹಕ್ಕು ಮಗಳದ್ದು, ಕೆಲವು ವಿನಾಯಿತಿಗಳನ್ನು ಬಿಟ್ಟರೆ ಅವಳ ಲಿಖಿತ ಒಪ್ಪಿಗೆಯಿಲ್ಲದೆ ತಾಯಿಗೂ ಹೇಳುವಂತಿಲ್ಲ. ಆ ಗೋಡೆ ಈಗ ಅವಳನ್ನೇ ಕಾಯುತ್ತಿದೆ ಎಂದು ತಿಳಿಯಿರಿ.

ಅವಳು ಮೊದಲು ಮಾಡಬೇಕಾದ್ದು ದೂರು ಕೊಡುವುದಲ್ಲ, ಗೌಪ್ಯತೆಯುಳ್ಳ ಅಡ್ವೊಕೇಟ್ ಇದ್ದಾರೆಯೇ ಎಂದು ನೋಡಿ ಅವರ ಬಳಿ ಹೋಗುವುದು. ಕ್ಯಾಂಪಸ್ಸಿನಲ್ಲಿ ಇಲ್ಲದಿದ್ದರೆ ಊರಿನಲ್ಲಿ ಅತ್ಯಾಚಾರ ಸಂತ್ರಸ್ತರ ಸ್ವತಂತ್ರ ಸಹಾಯ ಕೇಂದ್ರ ಇರುತ್ತದೆ. ಅವರಿಗೂ ಆನರ್ ಕೋಡಿಗೂ ಸಂಬಂಧವೇ ಇಲ್ಲ. ಮಾತು ಶುರುಮಾಡುವ ಮುಂಚೆ ‘ನಾನು ಹೇಳಿದ್ದನ್ನು ನೀವು ಯಾರಿಗಾದರೂ ತಿಳಿಸಬೇಕಾಗುತ್ತದೆಯೇ?’ ಎಂದು ಕೇಳಲಿ. ಪಾದ್ರಿಗೆ ಹೇಳುವ ಮುಂಚೆಯೂ ಇದನ್ನೇ ಕೇಳಲಿ. ಬ್ರಿಗಮ್ ಯಂಗ್‌ನಂಥ ಕಡೆ ವಿದ್ಯಾರ್ಥಿಯಾಗಿ ಮುಂದುವರಿಯಲು ಧರ್ಮಾಧಿಕಾರಿಯ ಒಪ್ಪಿಗೆ ಪತ್ರ ಬೇಕು. ಅಂಥವರು ಎಷ್ಟು ಕರುಣೆಯವರಾದರೂ ಅವರ ಕೈಯಲ್ಲಿ ಅವಳ ಓದೂ ಇರುತ್ತದೆ, ಅಡ್ವೊಕೇಟ್ ಕೈಯಲ್ಲಿ ಅದಿಲ್ಲ. ಕ್ಷಮಾದಾನದ ನಿಯಮ ಇದೆಯೇ ಎಂದು ಹೆಸರು ಹೇಳದೆಯೇ ವಿಚಾರಿಸಬಹುದು.

ಘಟನೆ ಈ ವಾರದ್ದಾಗಿದ್ದರೆ ಹೊತ್ತು ಕಳೆಯಬಾರದು. ವೈದ್ಯಕೀಯ ಸಾಕ್ಷ್ಯ ಸಂಗ್ರಹದ ಅವಧಿ ಹಲವು ರಾಜ್ಯಗಳಲ್ಲಿ 72ರಿಂದ 120 ಗಂಟೆ. ಪೊಲೀಸ್ ದೂರು ಕೊಡದಿದ್ದರೂ ಆ ಪರೀಕ್ಷೆ ಉಚಿತ, ದೂರಿನ ತೀರ್ಮಾನವನ್ನು ಆಮೇಲೆ ಮಾಡಬಹುದು. ಅವಧಿ ಮೀರಿದ್ದರೂ ಚಿಕಿತ್ಸೆಗೆ ಹೋಗಲಿ.

ವೀಸಾದಲ್ಲಿ ನಿಜವಾದ ಅಪಾಯ ದೂರು ಕೊಡುವುದರಲ್ಲಿಲ್ಲ, ಯಾರಿಗೂ ಹೇಳದೆ ತರಗತಿ ಬಿಡುವುದರಲ್ಲಿದೆ. ಎಫ್-1 ವಿದ್ಯಾರ್ಥಿ ಪೂರ್ಣ ಸಂಖ್ಯೆಯ ಕ್ರೆಡಿಟ್ ಓದಲೇಬೇಕು. ಮನಸ್ಸು ಕುಸಿದು ಒಂದು ಕೋರ್ಸ್ ಬಿಟ್ಟರೂ ಸ್ಥಾನಮಾನಕ್ಕೆ ಧಕ್ಕೆ ಬರಬಹುದು. ವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಪತ್ರ ತಂದು, ಬಿಡುವ ಮುಂಚೆಯೇ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಿಂದ ಕಡಿಮೆ ಕ್ರೆಡಿಟ್‌ಗೆ ಅನುಮತಿ ಪಡೆದರೆ ತೊಂದರೆಯಿಲ್ಲ. ಪತ್ರದಲ್ಲಿ ಕಾರಣದ ವಿವರ ಬೇಕಿಲ್ಲ. ಹುಡುಗ ಅದೇ ತರಗತಿಯಲ್ಲಿದ್ದರೆ ವಿಭಾಗ ಬದಲಾವಣೆ, ಹಾಸ್ಟೆಲ್ ಬದಲಾವಣೆ, ಅವನು ಸಂಪರ್ಕಿಸಬಾರದೆಂಬ ಆದೇಶ ಇವುಗಳನ್ನು ಕೇಳುವ ಹಕ್ಕು ಅವಳಿಗಿದೆ; ಪೊಲೀಸ್ ದೂರು ಕೊಟ್ಟಿರಲೇಬೇಕೆಂದಿಲ್ಲ. ಮುಂದೆ ವಿಶ್ವವಿದ್ಯಾಲಯಕ್ಕೆ ವಿಧಿವತ್ತಾದ ದೂರು ಕೊಟ್ಟರೆ ವಿಚಾರಣೆಯಲ್ಲಿ ಎದುರು ಕಡೆಯ ಸಲಹೆಗಾರರು ಅವಳನ್ನು ಪ್ರಶ್ನಿಸುತ್ತಾರೆ. ಟೈಟಲ್ 9ರ 2024ರ ನಿಯಮಗಳನ್ನು 2025ರ ಜನವರಿಯಲ್ಲಿ ಕೆಂಟಕಿಯ ಫೆಡರಲ್ ನ್ಯಾಯಾಲಯ ರದ್ದು ಮಾಡಿದ ಮೇಲೆ 2020ರ ಆ ಕ್ರಮವೇ ಮರಳಿದೆ. ಇದನ್ನು ತಿಳಿದೇ ಹೆಜ್ಜೆ ಇಡಲಿ.

ನಿಮ್ಮಿಂದ ಆಗಬೇಕಾದ್ದು ಒಂದಿದೆ. ಮುಂದಿನ ಫೋನಿನಲ್ಲಿ ‘ಅಷ್ಟು ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋಗಿದ್ದೆ’ ಎಂದು ಕೇಳಬೇಡಿ. ಆ ಪ್ರಶ್ನೆಯನ್ನು ಅವಳು ಆಗಲೇ ನೂರು ಸಲ ತನಗೆ ತಾನೇ ಕೇಳಿಕೊಂಡಿರುತ್ತಾಳೆ. ಊಟ ಮಾಡಿದೆಯಾ ಎಂದು ಕೇಳಿ, ಆಮೇಲೆ ಸುಮ್ಮನೆ ಲೈನಿನಲ್ಲಿರಿ.

ಪ್ರಶ್ನೆ: ಧಾರ್ಮಿಕ ಟ್ರಸ್ಟ್ ನಡೆಸುವ ನಮ್ಮ ಪದವಿ ಕಾಲೇಜಿನಲ್ಲಿ ನಾನು ಆಂತರಿಕ ದೂರು ಸಮಿತಿಯ ಸದಸ್ಯೆ. ಅದೇ ಸಮಿತಿ ಅಡ್ವೊಕೇಟ್ ಕೆಲಸವನ್ನೂ ಮಾಡಬಹುದೇ?
(ಉಪನ್ಯಾಸಕಿ, ಉಡುಪಿ ಜಿಲ್ಲೆ)

ಉತ್ತರ: ಮಾಡಬಾರದು. ಲೈಂಗಿಕ ಕಿರುಕುಳದ ಬಗೆಗಿನ ಯುಜಿಸಿಯ 2015ರ ನಿಯಮಗಳು ನಿಮ್ಮ ಕಾಲೇಜಿಗೂ ಅನ್ವಯಿಸುತ್ತವೆ. ಅವುಗಳ ಪ್ರಕಾರ ಸಮಿತಿ ದೂರು ಪಡೆದು, 90 ದಿನಗಳಲ್ಲಿ ಎರಡೂ ಕಡೆಯವರ ವಿಚಾರಣೆ ಮುಗಿಸಿ, ಆಮೇಲೆ ವರದಿ ಕೊಡಬೇಕು. ತೂಗಿ ನೋಡಬೇಕಾದವರು ಒಂದು ಕಡೆಯವರ ಕೈಹಿಡಿದು ಕೂರಲಾಗದು, ಕೂತರೆ ನಾಳೆ ಆ ವರದಿ ನಿಲ್ಲುವುದೂ ಇಲ್ಲ. ಸಮಿತಿಯಲ್ಲೂ ಶಿಸ್ತು ಮಂಡಳಿಯಲ್ಲೂ ಇಲ್ಲದ, ಹಾಸ್ಟೆಲ್ ವಾರ್ಡನ್ ಅಲ್ಲದ, ಇಂಟರ್ನಲ್ ಅಂಕ ಹಾಕುವ ಅಧಿಕಾರವಿಲ್ಲದ ಒಬ್ಬರನ್ನು ಈ ಕೆಲಸಕ್ಕೆಂದೇ ಹೆಸರಿಸುವಂತೆ ಆಡಳಿತ ಮಂಡಳಿಗೆ ಬರೆದುಕೊಡಿ. ನಾನು ಕಂಡ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿಯೇ ಆ ಹೊಣೆ ಹೊತ್ತಿದ್ದರು. ಒಮ್ಮೆ ಒಬ್ಬ ಹುಡುಗಿಯನ್ನು ತಾವೇ ಬಸ್ಸು ಹತ್ತಿಸಿಕೊಂಡು ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ, ಜಿಲ್ಲಾ ಆಸ್ಪತ್ರೆಯ ಸಖಿ ಕೇಂದ್ರಕ್ಕೆ ಕರೆದೊಯ್ದು, ಸಂಜೆ ಮರಳಿ ಬಂದು, ಪ್ರಾಂಶುಪಾಲರ ಮುಂದೆ ‘ಹಲ್ಲು ನೋವಿತ್ತು ಸರ್’ ಎಂದು ತಮ್ಮ ಹೆಸರಿನಲ್ಲಿ ಅರ್ಧ ದಿನದ ರಜೆ ಬರೆದುಕೊಟ್ಟಿದ್ದರು.